ಗುಳ್ಳೆಯೊಳಗಿನ ಕನ್ನಡ

ಈ ಬೇಸಿಗೆ ರಜೆಗೆ ಪುಣೆಯಿಂದ ನನ್ನ ಮಗಳ ಮಗ ಬಂದಾಗ ಅವನ ಚೀಲದಲ್ಲಿ ಎರಡು ಅಂಗಿ, ಒಂದು ಚಡ್ಡಿ ಮತ್ತು ಹನ್ನೊಂದು ಕಾಮಿಕ್ಸ್ ಪುಸ್ತಕಗಳಿದ್ದವು. "ಉಳಿದ ಅರಬಿ ಎಲ್ಲಿ ಅದಾವೋ ತಮ್ಮಾ?" ಎಂದು ಕೇಳಿದರೆ, "ಪುಸ್ತಕ ಹಿಡೀಲಿಲ್ಲ ಅಜ್ಜಿ, ಅದಕ್ಕ ಅರಬಿ ತಗದಿಟ್ಟೆ" ಎಂದ. ಹತ್ತು ವರ್ಷದ ಹುಡುಗ. ಅವನ ತಾಯಿ ಫೋನಿನಲ್ಲಿ ಸಿಟ್ಟು ಮಾಡಿದಳು. ನನಗೆ ಮಾತ್ರ ಒಳಗೊಳಗೇ ಸಂತೋಷವಾಯಿತು. ಅರಬಿ ಬಿಟ್ಟು ಪುಸ್ತಕ ತರುವ ಮಕ್ಕಳು ಈಗ ಎಷ್ಟು ಮನೆಗಳಲ್ಲಿದ್ದಾರೆ, ನೀವೇ ಹೇಳಿ.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಹನ್ನೊಂದೂ ಇಂಗ್ಲಿಷ್ ಪುಸ್ತಕಗಳು. ಹುಡುಗ ಮನೆಯಲ್ಲಿ ನಮ್ಮ ಬೆಳಗಾವಿಯ ಕನ್ನಡವನ್ನು ಅಚ್ಚುಕಟ್ಟಾಗಿ ಮಾತನಾಡುತ್ತಾನೆ, ಗೆಳೆಯರ ಜತೆ ಮರಾಠಿ ಹಿಂದಿ ಆಡುತ್ತಾನೆ, ಓದು ಬರಹವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ವರ್ಣಮಾಲೆಯಲ್ಲಿ ಅವನಿಗೆ ಗುರುತು ಸಿಗುವ ಅಕ್ಷರ ಒಂದೇ ಒಂದು, ಅದು ಠ. ಮೊಬೈಲಿನಲ್ಲಿ ಕೆಕ್ಕರಿಸಿ ನೋಡುವ ಕಣ್ಣು ಬರೆಯಲು ಎರಡು ಠ ಅಕ್ಷರಗಳನ್ನು ನಡುವೆ ಒಂದು ಗೆರೆ ಎಳೆದು ಇಡುತ್ತಾರಂತೆ. ದೇಶವಿದೇಶದ ಹುಡುಗರಿಗೆಲ್ಲ ಅದು ಗೊತ್ತಂತೆ. ಮೂವತ್ತೈದು ವರ್ಷ ಕನ್ನಡ ಕಲಿಸಿದ ಅಜ್ಜಿಯ ಮೊಮ್ಮಗನ ಪಾಲಿಗೆ ಬಂದದ್ದು ಒಂದು ಠ! ನಗಬೇಕೋ ಅಳಬೇಕೋ ತಿಳಿಯದೆ ಹಿಂದವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತೆ.

ಹಾಗೆಂದು ಅವುಗಳನ್ನು ಕಸಿದು ಅಟ್ಟಕ್ಕೆ ಎಸೆಯುವ ಧೈರ್ಯ ನನಗಿಲ್ಲ. ಹಿಂದೊಮ್ಮೆ ಅಂಥ ಕೆಲಸ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಚಿತ್ರಕಥೆ ಎಂಬುದು ನಮ್ಮ ಮನೆಗಳಿಗೆ ಹೇಗೆ ಬಂತು, ಹೇಗೆ ಹೋಯಿತು ಎಂಬ ಕತೆಯನ್ನು ಹೇಳಬೇಕು.

ನಾನು ಬೆಳೆದದ್ದು ಖಾನಾಪುರದಲ್ಲಿ. ಚಿತ್ರ ತೋರಿಸಿ ಕತೆ ಹೇಳುವುದು ನಮ್ಮ ಕಡೆಗೆ ಹೊಸದೇನಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಕಿಳ್ಳೇಕ್ಯಾತರು ಬಿಳಿಯ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿಟ್ಟು, ತೊಗಲುಗೊಂಬೆಗಳಲ್ಲಿ ರಾಮಾಯಣ ಮಹಾಭಾರತ ಆಡಿಸುತ್ತಿದ್ದರು. ಅವರ ಮನೆಮಾತು ಮರಾಠಿಯ ಒಂದು ಬಗೆ, ಪರದೆಯ ಹಿಂದಿನಿಂದ ಕತೆ ಹೇಳುವುದು ಕನ್ನಡದಲ್ಲಿ. "ಹನುಮಪ್ಪ ಪರದೆ ತುಂಬ ಬೆಳೀತಿದ್ದ ನೋಡವಾ" ಎಂದು ಅಜ್ಜಿ ಹೇಳುವಾಗ ಅವಳ ಕಣ್ಣೂ ಅಷ್ಟೇ ದೊಡ್ಡದಾಗುತ್ತಿತ್ತು. ಸಮುದ್ರ ಹಾರುವವ, ಬೆಟ್ಟ ಕಿತ್ತು ತರುವವ, ಬಾಲಕ್ಕೆ ಬೆಂಕಿ ಇಟ್ಟರೆ ಊರನ್ನೇ ಸುಡುವವ ಅವಳಿಗೆ ಅಂದೇ ಪರಿಚಿತ. ಸೂಪರ್‌ಹೀರೋ ಎಂಬ ಶಬ್ದ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ನನ್ನ ಕಾಲಕ್ಕೆ ಆ ಪರದೆಯ ಜಾಗಕ್ಕೆ ಚಂದಮಾಮ ಬಂದಿತ್ತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಮರಾಠಿಯಲ್ಲಿ ಅದರ ಹೆಸರು ಚಾಂದೋಬಾ. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ ಅವರು ಬರೆದ ಮಹಾಭಾರತದ ಚಿತ್ರಗಳನ್ನು ಹಳೆಯ ಸಂಚಿಕೆಗಳಿಂದ ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಗಳಿದ್ದವು. ಹೆಣವನ್ನು ಹೆಗಲ ಮೇಲೆ ಹಾಕಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮ ರಾಜನ ಚಿತ್ರ ನಿಮಗೂ ನೆನಪಿರಬೇಕು. ಅದನ್ನು ಬರೆದ ಶಂಕರ್ ಅವರು 2020ರಲ್ಲಿ, ತುಂಬಿದ ತೊಂಬತ್ತಾರರ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಪಕ್ಕದ ಮನೆಯವರು ಮರಾಠಿ ಮಾತಿನವರು. ಅವರ ಮಗಳು ನನ್ನ ವಾರಿಗೆಯ ಗೆಳತಿ. ಒಂದು ದಿನ ಬೇತಾಳನ ಬಗ್ಗೆ ನಮ್ಮಿಬ್ಬರಿಗೂ ದೊಡ್ಡ ಜಗಳ ಬಿತ್ತು. "ವೇತಾಳ ಬಿಳಿ ಕುದುರಿ ಮ್ಯಾಲ ಬರ್ತಾನ, ಗುಹೆಯಾಗ ಇರ್ತಾನ, ಬಡವರನ್ನ ಕಾಯ್ತಾನ" ಎಂದು ಅವಳು. "ಬೇತಾಳ ಮರದಾಗ ತೆಳಗ ತಲಿ ಮಾಡಿ ಜೋತು ಬೀಳ್ತಾನ, ಕುದುರಿ ಎಲ್ಲಿಂದ ತರ್ತಾನ?" ಎಂದು ನಾನು. ಮಾತಿಗೆ ಮಾತು ಬೆಳೆದು ಜಡೆ ಹಿಡಿದು ಎಳೆದಾಡುವವರೆಗೆ ಹೋಯಿತು. ನಮ್ಮ ಅವ್ವ ಮತ್ತು ಅವಳ ಆಯಿ ಬಿಡಿಸಿದ ಮೇಲೆ ಅವಳು ಅಳುತ್ತಲೇ ಒಳಗೆ ಹೋಗಿ ತನ್ನ ಅಣ್ಣನ ಪುಸ್ತಕವೊಂದನ್ನು ತಂದು ನನ್ನ ಮುಂದೆ ಹಿಡಿದಳು. ನಾನು ಜೀವನದಲ್ಲಿ ಮೊದಲು ನೋಡಿದ ಇಂದ್ರಜಾಲ ಕಾಮಿಕ್ಸ್ ಅದು. ಮೈಗೆ ಅಂಟಿದ ಉಡುಪು, ಕಣ್ಣಿಗೆ ಮುಸುಕು, ಬೆರಳಿಗೆ ತಲೆಬುರುಡೆಯ ಉಂಗುರ ತೊಟ್ಟ ಫ್ಯಾಂಟಮ್ ಅದರಲ್ಲಿದ್ದ. ಮರಾಠಿಯಲ್ಲಿ ಅವನಿಗೆ ವೇತಾಳ ಎಂದು ಹೆಸರಿಟ್ಟಿದ್ದರು! ನಾವಿಬ್ಬರೂ ನಿಜವನ್ನೇ ಹೇಳುತ್ತಿದ್ದೆವು. ಗಡಿಯ ಊರಿನಲ್ಲಿ ಇಂಥ ಜಗಳಗಳು ಬಹಳ.

ಈ ಫ್ಯಾಂಟಮ್ ಅಮೆರಿಕದ ಲೀ ಫಾಕ್ ಅವರ ಸೃಷ್ಟಿ. ಅವರ ಜಾದೂಗಾರ ಮ್ಯಾಂಡ್ರೇಕ್ 1934ರಲ್ಲಿ ಬಂದ, ಫ್ಯಾಂಟಮ್ 1936ರಲ್ಲಿ. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದಾಗ ಮೊದಲ ಪುಸ್ತಕವೇ ಫ್ಯಾಂಟಮ್‌ನದು. ಇಂಗ್ಲಿಷ್, ಹಿಂದಿ, ಮರಾಠಿಯಿಂದ ತೊಡಗಿ ಮುಂದೆ ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಅದು ಹರಡಿತು. 1965ರಲ್ಲಿ ಆರಂಭವಾದ ಸುಧಾ ವಾರಪತ್ರಿಕೆಯ ಪುಟದಲ್ಲೂ ಫ್ಯಾಂಟಮ್ ಬರುತ್ತಿದ್ದ. ನಮ್ಮ ಮನೆಗೆ ಸುಧಾ ಬಂದ ದಿನ ಮೊದಲು ಅಣ್ಣ, ಆಮೇಲೆ ತಮ್ಮ, ಆಮೇಲೆ ಅಪ್ಪ. ಮುಸುರೆ ತಿಕ್ಕಿ ಕೈ ಒರೆಸಿಕೊಂಡು ಬಂದ ಮೇಲೆ ನಾನು. ಅಷ್ಟರಲ್ಲಿ ಕತೆಯಲ್ಲಿ ಏನಾಯಿತು ಎಂದು ಅಣ್ಣ ಹೇಳಿಯೇ ಬಿಟ್ಟಿರುತ್ತಿದ್ದ. ಹೀಗಾಗಿ ಮುಂದೇನಾಯಿತು ಎಂಬುದಕ್ಕಿಂತ ಚಿತ್ರದಲ್ಲಿ ಏನಿದೆ ಎಂದು ನೋಡುವುದು ನನಗೆ ರೂಢಿಯಾಯಿತು. ಫ್ಯಾಂಟಮ್‌ನ ಗೆಳತಿ ಡಯಾನಾ ಪಾಮರ್ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಳು. ಒಬ್ಬಳೇ ವಿಮಾನದಲ್ಲಿ ಓಡಾಡುತ್ತಿದ್ದಳು. ಖಾನಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ಒಬ್ಬಳೇ ಹೋಗಲು ಅಪ್ಪಣೆಯಿಲ್ಲದ ನನಗೆ ಅವಳೇ ದೊಡ್ಡ ಅದ್ಭುತವಾಗಿ ಕಾಣುತ್ತಿದ್ದಳು. ಪಾಪ, 1936ರಲ್ಲಿ ಭೇಟಿಯಾದ ಅವಳನ್ನು ಫ್ಯಾಂಟಮ್ ಮದುವೆಯಾದದ್ದು 1977ರಲ್ಲಿ. ನಲವತ್ತೊಂದು ವರ್ಷ ಕಾಯಿಸಿದ. ಇಂಥ ವರನಿಗೆ ನಮ್ಮ ಕಡೆಯಾಗಿದ್ದರೆ ಯಾರು ಹೆಣ್ಣು ಕೊಡುತ್ತಿದ್ದರು!

ದೊಡ್ಡವಳಾದ ಮೇಲೆ ಅದೇ ಪುಸ್ತಕಗಳಲ್ಲಿ ಬೇರೆ ಸಂಗತಿಗಳೂ ಕಂಡವು. ಕಾಡಿನ ಕರಿಯ ಜನರೆಲ್ಲ ಒಬ್ಬ ಬಿಳಿಯನ ಮಾತಿಗೆ ತಲೆಬಾಗಬೇಕು, ನ್ಯಾಯ ಹೇಳಲು ಅವನೇ ಬರಬೇಕು. ನಮ್ಮ ಓದುಗರಿಗೆ ಇರಿಸುಮುರಿಸಾದೀತೆಂದು ಇಂದ್ರಜಾಲದವರು ಕೆಲವು ಹೆಸರುಗಳನ್ನು ತಿದ್ದಿದ್ದರು. ಬೆಂಗಾಲಿ ಎಂಬ ನಾಡು ಡೆಂಕಾಲಿಯಾಯಿತು, ಸಿಂಗ್ ಎಂಬ ಕಡಲುಗಳ್ಳರ ಗುಂಪು ಸಿಂಗಾ ಆಯಿತು. ಹೆಸರು ತಿದ್ದಿದರೂ ಕತೆಯ ಹುರುಳು ಅದೇ. 1976ರಲ್ಲಿ ಆಬಿದ್ ಸುರತಿ ಅವರು ಬಹಾದುರ್ ಎಂಬ ನಾಯಕನನ್ನು ತಂದಾಗ ನಮಗೆ ಹಿತವೆನಿಸಿತು. ಕೇಸರಿ ಕುರ್ತಾ, ಜೀನ್ಸ್ ಪ್ಯಾಂಟು ತೊಟ್ಟ ನಮ್ಮ ನಾಡಿನ ಹುಡುಗ, ಡಕಾಯಿತನ ಮಗ. ಊರಿನ ಜನರನ್ನೇ ಒಗ್ಗೂಡಿಸಿ ಡಕಾಯಿತರನ್ನು ಎದುರಿಸಿದ. ಹಾರುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ.

ಈಗ ಹೇಳುವ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಮರ ಚಿತ್ರ ಕಥೆಯ ಹೆಸರು ಕೇಳದವರಿಲ್ಲ. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ಅವರು ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಇಂದ್ರಜಾಲದ ಕೆಲಸದಲ್ಲಿ ಪಳಗಿದವರು. 1967ರಲ್ಲಿ ದೂರದರ್ಶನದ ಒಂದು ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳ ಹೆಸರು ಹೇಳಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ನಿಂತದ್ದನ್ನು ಕಂಡು ಅವರು ಈ ಕೆಲಸಕ್ಕೆ ಕೈಹಾಕಿದರೆಂಬುದು ಪ್ರಸಿದ್ಧ ಕತೆ. ಆದರೆ ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿಯಲ್ಲಿ 'ಕೃಷ್ಣ' ಪುಸ್ತಕದ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ? ಆ ಹತ್ತು ಬಂದದ್ದು ಕನ್ನಡದಲ್ಲಿ! 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಮಾರಾಟ ವಿಭಾಗದಲ್ಲಿದ್ದ ಜಿ.ಕೆ. ಅನಂತರಾಮ್ ಅವರು, ಮಕ್ಕಳಿಗೆ ಕನ್ನಡದಲ್ಲಿ ಚಿತ್ರಕಥೆಗಳು ಬೇಕು ಎಂದು ಪಟ್ಟು ಹಿಡಿದು ಅವುಗಳನ್ನು ತಂದರು. ಸಿಂಡ್ರೆಲಾ, ಪಿನೋಕಿಯೊ, ಮೂರು ಹಂದಿಮರಿಗಳು, ಅಲ್ಲಾದೀನನ ದೀಪ, ಇಂಥವು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಆ ಗೆಲುವು ಕಂಡ ಮುಂಬಯಿಯ ಮಾಲೀಕರಿಗೆ ಇಂಗ್ಲಿಷಿನಲ್ಲೂ ಮಾಡಬಹುದೆಂಬ ಧೈರ್ಯ ಬಂತು. ದೇಶದ ಇಷ್ಟು ದೊಡ್ಡ ಚಿತ್ರಕಥಾ ಸರಣಿಗೆ ತಳಪಾಯ ಹಾಕಿದ್ದು ಕನ್ನಡದ ಮಕ್ಕಳ ಓದು.

ಒಂದು ವಿಷಯ ಗಮನಿಸಿ. ಆ ಹತ್ತರಲ್ಲಿ ಕತೆ ಹೊರನಾಡಿನದು, ಉಡುಪು ಹೊರನಾಡಿನದು. ಮಾತಿನ ಗುಳ್ಳೆಯೊಳಗೆ ಮಾತ್ರ ಕನ್ನಡ. ಅಷ್ಟಿದ್ದರೂ ಮಕ್ಕಳು ಓದಿದರು. ಹೆಗಲಿನ ಮೇಲೆ ಇಷ್ಟು ದೊಡ್ಡ ಕೀರ್ತಿ ಇದ್ದೂ ನಾವು ಅದನ್ನು ನಮ್ಮ ಮಕ್ಕಳಿಗೆ ಹೇಳಿಲ್ಲ.

ರಹಸ್ಯಕಥೆಗಳ ದಾರಿ ನಮ್ಮ ಮನೆಯಲ್ಲಿ ಬೇರೆಯಾಗಿತ್ತು. ಅದು ಅವ್ವನ ದಾರಿ. ಅವ್ವ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಣ್ಣ ಬೆಳಗಾವಿಯಿಂದ ಬಾಡಿಗೆಗೆ ತರುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಅವಳು ಜೋಳದ ಡಬ್ಬಿಯ ಹಿಂದೆ ಇಟ್ಟುಕೊಂಡು ಓದುತ್ತಿದ್ದಳು. 'ಪತ್ತೇದಾರ ಪುರುಷೋತ್ತಮ' 1952ರಲ್ಲಿ ಬಂದ ಮೇಲೆ ನರಸಿಂಹಯ್ಯನವರು ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು. ಅವರ ಶಾಲೆಯ ಓದೂ ನಾಲ್ಕನೇ ತರಗತಿಗೇ ನಿಂತಿತ್ತು ಎಂದು ನಾನು ಮುಂದೆ ಓದಿ ಹೇಳಿದಾಗ ಅವ್ವನಿಗೆ ಆದ ಹೆಮ್ಮೆಯನ್ನು ನೀವು ನೋಡಬೇಕಿತ್ತು. ಸಾಹಿತ್ಯದ ದೊಡ್ಡವರು ಆ ಪುಸ್ತಕಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಪ್ಪನೂ "ಇದೇನು ಹೆಂಗಸರು ಓದೂದೇನು?" ಎಂದು ಮೂಗು ಮುರಿಯುತ್ತಿದ್ದರು. ಪಕ್ಕದ ಮನೆಯ ಆಯಿಯ ಕೈಯಲ್ಲಿ ಅದೇ ಹೊತ್ತಿಗೆ ಮರಾಠಿಯ ಬಾಬುರಾವ್ ಅರ್ನಾಳ್‌ಕರ್ ಅವರ ರಹಸ್ಯಕಥೆ. ಸಾವಿರಕ್ಕೂ ಹೆಚ್ಚು ಬರೆದವರು ಅವರು. ಮಧ್ಯಾಹ್ನ ಗಂಡಸರು ಹೊರಗೆ ಹೋದ ಮೇಲೆ ಈ ಇಬ್ಬರು ಹೆಂಗಸರು ಹಿತ್ತಲ ಗೋಡೆಯ ಎರಡು ಬದಿಗೆ ನಿಂತು, ಕೊಲೆ ಮಾಡಿದವನು ಯಾರಿರಬಹುದು ಎಂದು ಕನ್ನಡ ಮರಾಠಿ ಬೆರೆಸಿ ಚರ್ಚೆ ಮಾಡುತ್ತಿದ್ದರು. ಯಾರೂ ಕೇಳದ ಅವರ ಬುದ್ಧಿಗೆ ಆ ಪುಸ್ತಕಗಳು ಕೆಲಸ ಕೊಡುತ್ತಿದ್ದವು.

ಇಂಥ ಮನೆಯಿಂದ ಬಂದ ನಾನು ಬಿ.ಎ., ಬಿ.ಎಡ್. ಮುಗಿಸಿ ಮಾಸ್ತರಿಣಿಯಾದ ಕೂಡಲೇ ಎಲ್ಲ ಮರೆತೆ. ಕೈಗೆ ಸೀಮೆಸುಣ್ಣ ಬಂದೊಡನೆ ನಮಗೊಂದು ಗತ್ತು ಬಂದುಬಿಡುತ್ತದೆ.

1996ರ ಮಳೆಗಾಲ. ಏಳನೇ ತರಗತಿ. ಮರಾಠಿ ಶಾಲೆಯಿಂದ ಆ ವರ್ಷವೇ ನಮ್ಮಲ್ಲಿಗೆ ಬಂದಿದ್ದ ಒಬ್ಬ ಹುಡುಗ ಕನ್ನಡ ಓದಲು ತಡವರಿಸುತ್ತಿದ್ದ. ಒತ್ತಕ್ಷರ ಬಂದರೆ ಮಳೆಯಲ್ಲಿ ಸಿಕ್ಕ ಸೈಕಲ್ಲಿನಂತೆ ನಿಂತೇ ಬಿಡುತ್ತಿದ್ದ. ಅವನಿಗಾಗಿ ನಾನು ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಬೇರೆ ಕೂಡಿಸಿಕೊಳ್ಳುತ್ತಿದ್ದೆ. ಒಂದು ದಿನ ಪಾಠ ನಡೆದಾಗ ಅವನ ಸಮಾಜ ಪುಸ್ತಕದೊಳಗೆ ಬಣ್ಣದ ಹಾಳೆ ಕಂಡಿತು. ಎಳೆದು ನೋಡಿದರೆ ಬಾಲಮಂಗಳ. ಆಗ ಮಕ್ಕಳೆಲ್ಲ ಅದರ ಡಿಂಗನ ಹುಚ್ಚಿನಲ್ಲಿದ್ದ ಕಾಲ. ಡಿಂಗ ಒಂದು ಇಲಿ. ಬೇರೆ ಗ್ರಹದವರು ಹೊತ್ತೊಯ್ದು ಶಕ್ತಿ ತುಂಬಿದ್ದರಿಂದ ಹಾರಾಡಿ ಕಾಡಿನ ಪ್ರಾಣಿಗಳನ್ನು ಕಾಯುವ ಇಲಿ. ಮಲಯಾಳದ ಬಾಲಮಂಗಳಂ ಪತ್ರಿಕೆಯಲ್ಲಿ 1983ರಲ್ಲಿ ಡಿಂಕನ್ ಎಂದು ಹುಟ್ಟಿ, ಕನ್ನಡಕ್ಕೆ ಡಿಂಗನಾಗಿ ಬಂದಿತ್ತು. ನಾನು ಏನೂ ಕೇಳಲಿಲ್ಲ. ಇಡೀ ತರಗತಿಯ ಮುಂದೆ ಆ ಪುಸ್ತಕವನ್ನು ನಡುವೆ ಹರಿದು ಕಸದ ಬುಟ್ಟಿಗೆ ಹಾಕಿದೆ. ಹುಡುಗ ಅಳಲಿಲ್ಲ. ಹರಿದ ಸಪ್ಪಳಕ್ಕೆ ಒಮ್ಮೆ ಕಣ್ಣು ಮುಚ್ಚಿದ, ಅಷ್ಟೇ.

ಸಂಜೆ ಅರ್ಧ ತಾಸಿನ ಪಾಠಕ್ಕೆ ಅವನು ಬರಲಿಲ್ಲ. ಅವನ ಪಕ್ಕದ ಬೆಂಚಿನ ಹುಡುಗಿ ಬಂದು ಹೇಳಿದಳು: "ಟೀಚರ್, ಅದು ಅವಂದಲ್ಲ ರೀ, ನಂದು. ಅವ ದಿನಾ ಒಂದು ಕತಿ ಓದಿ ನನಗ ಒಪ್ಪಸ್ತಿದ್ದ. ಒತ್ತಕ್ಷರ ತಪ್ಪಿದ್ರ ನಾ ಹೇಳ್ತಿದ್ದೆ." ಎದೆಗೆ ಒದ್ದಂತಾಯಿತು. ನಾನು ಅರ್ಧ ತಾಸು ಕೂಡಿಸಿ ಕಲಿಸಲಾಗದ್ದನ್ನು ಆ ಇಲಿ ಕಲಿಸುತ್ತಿತ್ತು. ಯಾರ ಒತ್ತಾಯವೂ ಇಲ್ಲದೆ ಅವನು ಓದುತ್ತಿದ್ದ ಮೊದಲ ಕನ್ನಡ ಅದು. ಮರುದಿನ ಎರಡು ಹೊಸ ಬಾಲಮಂಗಳ ಕೊಂಡು ಇಬ್ಬರಿಗೂ ಕೊಟ್ಟೆ. ಹುಡುಗಿ ತೆಗೆದುಕೊಂಡು ನಕ್ಕಳು. ಅವನೂ ಮರ್ಯಾದೆಯಿಂದ ತೆಗೆದುಕೊಂಡ, ಪಾಟೀಚೀಲದಲ್ಲಿ ಇಟ್ಟುಕೊಂಡ. ಆದರೆ ಆಮೇಲೆ ಅವನ ಕೈಯಲ್ಲಿ ಪಠ್ಯಪುಸ್ತಕದ ಹೊರತು ಬೇರೆ ಏನನ್ನೂ ನಾನು ನೋಡಲಿಲ್ಲ. ಪರೀಕ್ಷೆಯಲ್ಲಿ ಪಾಸಾದ. ತರಗತಿಯ ಕಾಗದಪತ್ರದ ಪ್ರಕಾರ ನಾನು ಗೆದ್ದೆ.

ನನ್ನಂತೆ ತಪ್ಪು ಮಾಡಿದ ದೊಡ್ಡವರು ಬೇರೆ ದೇಶದಲ್ಲೂ ಇದ್ದಾರೆ ಎಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು 1954ರಲ್ಲಿ, ಕಾಮಿಕ್ಸ್ ಓದಿಯೇ ಮಕ್ಕಳು ಕೆಡುತ್ತಿದ್ದಾರೆಂದು ದೊಡ್ಡ ಪುಸ್ತಕ ಬರೆದರು. ಸೆನೆಟ್ಟಿನ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಅದೇ ವರ್ಷ ತಾವೇ ಕಟ್ಟುಪಾಡು ಹಾಕಿಕೊಂಡರು. ಅಲ್ಲಿನ ಕೆಲವು ಕಾಮಿಕ್ಸ್ ನಿಜಕ್ಕೂ ಭೀಕರವಾಗಿದ್ದವು, ವೈದ್ಯರ ಕಾಳಜಿಯೂ ಸುಳ್ಳಲ್ಲ. ಆದರೆ ಅಕ್ಕಿಯಲ್ಲಿ ಕಲ್ಲು ಇದೆಯೆಂದು ಆರಿಸುವುದು ಬಿಟ್ಟು ಮೂಟೆಯನ್ನೇ ಬೀದಿಗೆ ಸುರಿಯುವವರು ಯಾರು?

ನಾವು ಹರಿಯದಿದ್ದರೂ ಆ ಪುಸ್ತಕಗಳು ಒಂದೊಂದಾಗಿ ತಾವೇ ಹೋದವು. ಇಂದ್ರಜಾಲ 1990ರಲ್ಲಿ ನಿಂತಿತು. ಮಲಯಾಳದ ಬಾಲಮಂಗಳಂ 2012ರಲ್ಲಿ ನಿಂತಿತು, ನಮ್ಮ ಬಾಲಮಂಗಳವೂ ಅಂಗಡಿಯ ಹಗ್ಗದಿಂದ ಮಾಯವಾಯಿತು. 2013ರ ಹೊತ್ತಿಗೆ ಚಂದಮಾಮವೂ ಇಲ್ಲವಾಯಿತು. ಮನೆಮನೆಗೆ ಟಿ.ವಿ. ಬಂತು, ಆಮೇಲೆ ಮೊಬೈಲು ಬಂತು ಎಂದು ಕಾರಣ ಹೇಳುತ್ತೇವೆ. ಅದು ನಿಜ. ಜತೆಗೆ ಇನ್ನೊಂದು ಕಾರಣವಿದೆ. ತಿಂಗಳಿಗೆ ನೂರು ರೂಪಾಯಿ ಚಿಪ್ಸ್ ಪೊಟ್ಟಣಕ್ಕೆ ಕೊಡುವ ನಾವು ಮಕ್ಕಳ ಕನ್ನಡ ಪತ್ರಿಕೆಗೆ ಕೊಡಲಿಲ್ಲ. ಓದಲು ಕಲಿಯುವ ಮಗುವಿಗೆ ಬೇಕಾದ ಕೆಳಗಿನ ಮೆಟ್ಟಿಲು ಅದು. ಮೆಟ್ಟಿಲು ಕಿತ್ತಮೇಲೆ ಮಗು ಅಟ್ಟ ಹತ್ತುವುದಿಲ್ಲವೆಂದು ದೂರಿದರೆ ಏನು ಬಂತು?

ಇನ್ನು ಮೊಮ್ಮಗ ತಂದ ಹೊಸ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ಹನ್ನೊಂದನ್ನೂ ಓದಿದೆ. ಕನ್ನಡಕದ ನಂಬರು ಹೆಚ್ಚಾದರೂ ಚಿಂತೆಯಿಲ್ಲ ಎಂದು ಕೂತು ಓದಿದೆ.

ಅದರಲ್ಲಿ ದಪ್ಪನೆಯದು 'ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್'. 2024ರ ಅಕ್ಟೋಬರಿನಲ್ಲಿ ಆರಂಭವಾದ ಸರಣಿ. ಬರೆದವರು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೊಟ್ಟಾ ಅವರದು. ನಮ್ಮ ಅಳಿಯಂದಿರು ತಮಗಾಗಿ ಕೊಂಡದ್ದು, ಹುಡುಗ ಕದ್ದು ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ. ಆಗಿನಿಂದಲೂ ಅವನು ಕೋಟ್ಯಧೀಶರ ಮಗ, ಆಳುಕಾಳು, ಬಂಗಲೆ, ಕಾರು ಎಲ್ಲ ಉಂಟು. ಈ ಹೊಸ ಕತೆಯಲ್ಲಿ ಅವನಿಗೆ ಹಣವಿಲ್ಲ. ಅವನ ತಂದೆ ಒಬ್ಬ ಶಾಲಾ ಮಾಸ್ತರ! ಮಕ್ಕಳನ್ನು ಪ್ರಾಣಿಸಂಗ್ರಹಾಲಯ ತೋರಿಸಲು ಕರೆದೊಯ್ದಾಗ ಗುಂಡಿನ ದಾಳಿಯಾಗುತ್ತದೆ. ಮಕ್ಕಳನ್ನು ಉಳಿಸಿ ಆ ಮಾಸ್ತರು ಸಾಯುತ್ತಾರೆ. ಆ ಪುಟದಲ್ಲಿ ನಾನು ಬಹಳ ಹೊತ್ತು ನಿಂತೆ. ಪ್ರವಾಸಕ್ಕೆ ಹೋದಾಗ ತಲೆ ಎಣಿಸುತ್ತ ಎಣಿಸುತ್ತ ಹೊಟ್ಟೆಯಲ್ಲಿ ಏಳುವ ಭಯ ನಮ್ಮ ವೃತ್ತಿಯವರಿಗೆ ಗೊತ್ತು. ಬಡವನಾದ ಈ ಬ್ಯಾಟ್‌ಮ್ಯಾನ್ ನನಗೆ ಹಳೆಯವನಿಗಿಂತ ಹತ್ತಿರದವನೆನಿಸಿದ. ಆದರೆ ಹೊಡೆದಾಟ ಬಹಳ ಕ್ರೂರವಾಗಿದೆ. ಇದು ದೊಡ್ಡವರ ಪುಸ್ತಕ ಎಂದು ಹೇಳಿ ಅದನ್ನು ನನ್ನ ಟ್ರಂಕಿನಲ್ಲಿ ಇಟ್ಟೆ. ಹರಿಯಲಿಲ್ಲ, ಗಮನಿಸಿ. ಕಾರಣ ಹೇಳಿ ಇಟ್ಟೆ.

ಅದೇ ತಿಂಗಳು ಆರಂಭವಾದ 'ಅಬ್ಸೊಲ್ಯೂಟ್ ವಂಡರ್ ವುಮನ್' ಎಂಬುದೂ ಇತ್ತು. ಬರೆದವರು ಕೆಲ್ಲಿ ಥಾಂಪ್ಸನ್ ಎಂಬ ಮಹಿಳೆ. ಪಾತಾಳಕ್ಕೆ ಎಸೆಯಲ್ಪಟ್ಟ ಹಸುಗೂಸನ್ನು ಒಬ್ಬ ಮಾಟಗಾತಿ ಸಾಕಿ ಬೆಳೆಸುತ್ತಾಳೆ. ಹೆತ್ತವಳಲ್ಲದ ತಾಯಿ, ಸಾಕುವ ಮನಸ್ಸಿಲ್ಲದೆಯೂ ಸಾಕುತ್ತ ಸಾಕುತ್ತ ತಾಯಿಯಾಗುವ ಭಾಗ ನನಗೆ ಇಷ್ಟವಾಯಿತು. ಉಳಿದ ಸೂಪರ್‌ಹೀರೋಗಳ ಮೇಲೆ ನನ್ನದೊಂದು ತಕರಾರಿದೆ. ಇವರು ಊರು ಉಳಿಸುವ ಗದ್ದಲದಲ್ಲಿ ಹತ್ತು ಕಟ್ಟಡ ಕೆಡವುತ್ತಾರೆ. ಕೊನೆಯ ಪುಟದಲ್ಲಿ ಕಸ ಬಳಿಯುವವರು ಯಾರೂ ಕಾಣುವುದಿಲ್ಲ. ಕತೆ ಮುಗಿಯುವುದೂ ಇಲ್ಲ, ಮುಂದಿನದು ತಿಳಿಯಬೇಕಾದರೆ ಇನ್ನೊಂದು ಕೊಳ್ಳಬೇಕು.

ವೀರರ ಮಾತು ಬಂತೆಂದು ಮೊಮ್ಮಗನನ್ನು ಒಂದು ಭಾನುವಾರ ಖಾನಾಪುರ ತಾಲೂಕಿನ ನಂದಗಡಕ್ಕೆ ಕರೆದುಕೊಂಡು ಹೋದೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಅಲ್ಲಿ. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ಕಟ್ಟಿದ ಪುಟ್ಟ ತೊಟ್ಟಿಲುಗಳನ್ನು ತೋರಿಸಿದೆ. "ಇವಗ ಪವರ್ ಏನಿತ್ತು ಅಜ್ಜಿ?" ಎಂದು ಕೇಳಿದ. ನಾನು ಚಿಕ್ಕಂದಿನಲ್ಲಿ ಕೇಳಿದ ಲಾವಣಿಯ ಕತೆ ಹೇಳಿದೆ. ಜನ ಅವನಿಗೆ ಅನ್ನ ಹಾಕಿದರು, ಅಡಗಿಸಿಟ್ಟುಕೊಂಡರು, ಅದೇ ಅವನ ಪವರ್ ಎಂದೆ. ಕೊನೆಗೆ ಹಿಡಿದುಕೊಟ್ಟವರೂ ನಮ್ಮವರೇ ಎಂದೆ. ಹುಡುಗ ಬಹಳ ಹೊತ್ತು ತೊಟ್ಟಿಲು ನೋಡುತ್ತ ನಿಂತ.

ನನ್ನ ಮನಸ್ಸು ಗೆದ್ದ ಪುಸ್ತಕ ಮಾತ್ರ ಜಪಾನಿನದು. ಗೋಶೋ ಆಯೊಯಾಮಾ ಅವರು 1994ರಲ್ಲಿ ಆರಂಭಿಸಿದ 'ಡಿಟೆಕ್ಟಿವ್ ಕಾನನ್'. ಇಂಗ್ಲಿಷಿನಲ್ಲಿ ಅದಕ್ಕೆ 'ಕೇಸ್ ಕ್ಲೋಸ್ಡ್' ಎಂದು ಹೆಸರು. ಜಪಾನಿನಲ್ಲಿ 2021ರಲ್ಲೇ ನೂರನೇ ಸಂಪುಟ ಬಂದಿದೆ, ಇನ್ನೂ ಬರುತ್ತಲೇ ಇದೆ. ಜಾಣ ಪತ್ತೇದಾರ ಹುಡುಗನೊಬ್ಬ ವಿಷಪ್ರಾಶನದಿಂದ ಒಂದನೇ ತರಗತಿಯ ಮಗುವಿನಷ್ಟು ಚಿಕ್ಕವನಾಗುತ್ತಾನೆ. ಬುದ್ಧಿ ಮಾತ್ರ ಹಾಗೆಯೇ ಇರುತ್ತದೆ. ಚಿಕ್ಕವನ ಮಾತನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ದೊಡ್ಡವರ ದನಿಯಲ್ಲಿ ಮಾತಾಡಿ ನಿಜ ಹೇಳಬೇಕು! ಹಿತ್ತಲ ಗೋಡೆಯ ಬಳಿ ನಿಂತಿದ್ದ ಅವ್ವ ಮತ್ತು ಆಯಿ ನೆನಪಾದರು. ಉರ್ದು ಪುಸ್ತಕದಂತೆ ಬಲದಿಂದ ಎಡಕ್ಕೆ ಓದಬೇಕಾದ್ದರಿಂದ ಮೊದಲು ನಾನು ಕೊಲೆಗಾರನನ್ನು ಹಿಡಿದು, ಆಮೇಲೆ ಕೊಲೆ ನೋಡಿದೆ. ಮೊಮ್ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಸರಿಯಾಗಿ ಓದಲು ಕಲಿತ ಮೇಲೆ, ಸುಳಿವುಗಳೆಲ್ಲ ಚಿತ್ರದಲ್ಲೇ ಇರುತ್ತವೆ ಎಂದು ತಿಳಿಯಿತು. ಕದಲಿದ ಒಂದು ಬಟ್ಟಲು, ಒದ್ದೆಯಾದ ಒಂದು ಚಪ್ಪಲಿ. ಮುಸುರೆ ತಿಕ್ಕಿ ಬಂದು ಚಿತ್ರ ನೋಡುತ್ತ ಕೂಡುತ್ತಿದ್ದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಯಾವುದು?

ಸೂಪರ್‌ಹೀರೋ ಬಂದು "ನೋಡು" ಎನ್ನುತ್ತಾನೆ. ಪತ್ತೇದಾರ "ನೀನೇ ಹೇಳು" ಎನ್ನುತ್ತಾನೆ. ಮಕ್ಕಳಿಗೆ ಎರಡೂ ಬೇಕು. ಮಾಸ್ತರಿಣಿಯಾಗಿ ನನ್ನ ಮತ ಮಾತ್ರ ಎರಡನೆಯದಕ್ಕೆ. ನಮ್ಮ ಚಂದಮಾಮದ ಬೇತಾಳನೂ ಅದನ್ನೇ ಮಾಡುತ್ತಿದ್ದ. ಕತೆ ಹೇಳಿ, ಕೊನೆಗೆ ಪ್ರಶ್ನೆ ಕೇಳಿ, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳಾದೀತು ಎನ್ನುತ್ತಿದ್ದ.

ಉತ್ತರ ಗೊತ್ತಿದ್ದೂ ನಾನು ಸುಮ್ಮನಿದ್ದೆ. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಚಿತ್ರವೊಂದು ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ನಮ್ಮ ದೇಶದಲ್ಲಿ ತೆರೆ ಕಂಡಿತು. ಅದರಲ್ಲಿ ಪವಿತ್ರ ಪ್ರಭಾಕರ ಎಂಬ ನಮ್ಮ ದೇಶದ ಸ್ಪೈಡರ್‌ಮ್ಯಾನ್ ಇದ್ದಾನೆ. ಅವನು 2004ರಲ್ಲೇ ಕಾಮಿಕ್ಸಿನಲ್ಲಿ ಹುಟ್ಟಿದವನು. ಅವನ ಪುಸ್ತಕ ಕನ್ನಡದಲ್ಲಿ ಬೇಕೆಂದು ಕೇಳಿದರೆ ಅಂಗಡಿಯವನು ನಕ್ಕ. ಕನ್ನಡ ಮಗುವಿನ ಕಿವಿಗೆ ಬಿತ್ತು, ಕಣ್ಣಿಗೆ ಬೀಳಲಿಲ್ಲ. ಅಂಗಡಿಯಲ್ಲಿಲ್ಲದ್ದನ್ನು ಮನೆಯಲ್ಲಿ ಮಾಡಬಹುದಲ್ಲ ಎಂದು ಮೂವತ್ತೈದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. 1965ರಲ್ಲಿ ಅನಂತರಾಮ್ ಅವರು ಹತ್ತು ಪುಸ್ತಕಗಳಿಗೆ ಮಾಡಿಸಿದ ಕೆಲಸವನ್ನು ನಾನು ಒಂದು ಪುಸ್ತಕಕ್ಕಾದರೂ ಮಾಡಬಹುದಿತ್ತು.

ಬಿಳಿ ಕಾಗದ, ಕತ್ತರಿ, ಅಂಟು ತಂದು ಪಡಸಾಲೆಯಲ್ಲಿ ಕೂತೆವು. ಮೊಮ್ಮಗ ಇಂಗ್ಲಿಷ್ ಓದಿ ಬಾಯಲ್ಲಿ ಕನ್ನಡ ಹೇಳುತ್ತಾನೆ. ನಾನು ಗುಳ್ಳೆಯ ಅಳತೆಗೆ ಕಾಗದ ಕತ್ತರಿಸಿ ದುಂಡಗೆ ಬರೆಯುತ್ತೇನೆ. ಅವನು ಅಂಟಿಸುತ್ತಾನೆ. "ಕೊಲೆಗಾರ ಇದೇ ಮನ್ಯಾಗ ಅದಾನ" ಎಂದು ಜಪಾನಿನ ಪೊಲೀಸರು ನಮ್ಮ ಬೆಳಗಾವಿ ಮಾತು ಆಡತೊಡಗಿದರು. ಎರಡನೆಯ ಪುಟದಲ್ಲಿ ಒಂದು ತಟ್ಟೆ ನೆಲಕ್ಕೆ ಬೀಳುತ್ತದೆ. ಅದರ ಸಪ್ಪಳವನ್ನು ಇಂಗ್ಲಿಷಿನಲ್ಲಿ ಏನೋ ಬರೆದಿದ್ದರು. ನಾನು ಅದರ ಮೇಲೆ ದೊಡ್ಡದಾಗಿ ಒಂದು ಶಬ್ದ ಬರೆದು ಅಂಟಿಸಿ ಸುಮ್ಮನೆ ಕೂತೆ.

ಹುಡುಗ ಬಾಗಿ ನೋಡಿದ. "ಅಜ್ಜಿ, ಇದು ನನ್ನ ಠ!" ಎಂದ. ಮುಂದಿನ ಅಕ್ಷರದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಹೇಳಿಕೊಡಲು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಚಿತ್ರದ ತಟ್ಟೆಯನ್ನು ಒಮ್ಮೆ, ಅಕ್ಷರವನ್ನು ಒಮ್ಮೆ ನೋಡಿ, ತುಸು ಹೊತ್ತು ಬಿಟ್ಟು ಅವನೇ ಓದಿದ: "ಠಣ್."

ಒಂಬತ್ತು ಪುಟ ಮುಗಿದಿವೆ. ರಜೆ ಇನ್ನೂ ಹದಿನೇಳು ದಿನ ಉಳಿದಿದೆ. ಅಂಟು ತೀರಿದೆ, ಸಂಜೆ ತರಬೇಕು.